ಸೈಲೆನ್ಸರ್ ಬದಲಾಯಿಸಿದರೆ ಪಿಕಪ್ ಜಾಸ್ತಿ ಆಗುತ್ತಾ?

ಗ್ಯಾರೇಜಿಗೆ ಬರುವ ಹುಡುಗರು ಹೆಚ್ಚು ಕೇಳುವ ಪ್ರಶ್ನೆ ಇದು. "ಅಣ್ಣ, ಫ್ರೀ ಫ್ಲೋ ಹಾಕಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಂತೆ, ಹೌದಾ?" ಫ್ರೀ ಫ್ಲೋ ಅಂದರೆ ಹೊಗೆಗೆ ತಡೆ ಕಡಿಮೆ ಇರುವ ಸೈಲೆನ್ಸರ್. ನಾನು ಹೇಳುವುದು ಇಷ್ಟೇ. ಸೈಲೆನ್ಸರ್ ಒಂದನ್ನೇ ಬದಲಾಯಿಸಿದರೆ ಶಬ್ದ ಜಾಸ್ತಿ ಆಗುತ್ತದೆ, ಪಿಕಪ್ ಅಲ್ಲ. ಎಷ್ಟೋ ಗಾಡಿಗಳಲ್ಲಿ ಇದ್ದ ಪಿಕಪ್ಪೂ ಹೋಗುತ್ತದೆ.

ಪೆಟ್ರೋಲ್ ಉರಿದ ಮೇಲೆ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ ಅಲ್ವಾ, ಆಗ ಹೊಗೆ ಮೆಲ್ಲಗೆ ಹೊರಗೆ ಬರುವುದಿಲ್ಲ, ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನೊಳಗೆ ಒಮ್ಮೆಲೇ ನುಗ್ಗುತ್ತದೆ. ಆ ಒತ್ತಡದ ಅಲೆ ಸೈಲೆನ್ಸರಿನ ಅಗಲವಾದ ಜಾಗಕ್ಕೆ ಮುಟ್ಟಿದ ಕೂಡಲೇ, ಅಲ್ಲಿಂದ ಕಡಿಮೆ ಒತ್ತಡದ ಅಲೆಯೊಂದು ವಾಪಸ್ ಹೊರಡುತ್ತದೆ. ವಾಲ್ವ್ ಮುಚ್ಚುವ ಮೊದಲು ಸರಿಯಾದ ಹೊತ್ತಿಗೆ ಅದು ಬಂದು ತಲುಪಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತದೆ, ಆ ಜಾಗಕ್ಕೆ ಹೊಸ ಗಾಳಿ, ಪೆಟ್ರೋಲ್ ತುಂಬಿಕೊಳ್ಳುತ್ತದೆ. ಪವರ್ ಸಿಗುವುದೇ ಇಲ್ಲಿ. ಆದರೆ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಇಂಜಿನ್ನಿನ ಕ್ರ್ಯಾಂಕ್ ಒಂದು ಸುತ್ತು ತಿರುಗಲು 20 ಮಿಲಿಸೆಕೆಂಡ್ ಹಿಡಿದರೆ, 6000ದಲ್ಲಿ ಬರೀ 10. ಅಲೆ ಹೋಗಿ ಬರಲು ಹಿಡಿಯುವ ಸಮಯ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಒಂದು ಪೈಪು ಎಲ್ಲ ಸ್ಪೀಡಿಗೂ ಹೊಂದುವುದಿಲ್ಲ. ಅಳತೆ ಬದಲಾದರೆ ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಹೋಗುತ್ತದೆ.

"ಇಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು, ಅದು ಹೋಯ್ತು ಅದಕ್ಕೇ ಎಳೀತಿಲ್ಲ" ಅಂತ ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ಅದು ಸರಿಯಲ್ಲ. ಬ್ಯಾಕ್ ಪ್ರೆಶರ್ ಅಂದರೆ ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ. ಹೊಗೆಯನ್ನು ತಡೆಯುವುದು ಯಾವ ಫೋರ್ ಸ್ಟ್ರೋಕ್ ಇಂಜಿನ್‌ಗೂ ಬೇಕಿಲ್ಲ. ಬೇಕಿರುವುದು ಹೊಗೆಯ ವೇಗ ಮತ್ತು ಆ ಅಲೆಯ ಟೈಮಿಂಗ್. ಪೈಪು ತೀರಾ ಅಗಲವಾದರೆ ಕಡಿಮೆ ಆರ್‌ಪಿಎಂನಲ್ಲಿ ಹೊಗೆ ನಿಧಾನವಾಗುತ್ತದೆ, ಎಳೆತ ಕಡಿಮೆಯಾಗುತ್ತದೆ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಳ್ಳಿ. ಈಗಿನ 349 ಸಿಸಿ ಇಂಜಿನ್ ಕೊಡುವುದು ಸುಮಾರು 20 ಹಾರ್ಸ್ ಪವರ್. ಅದರ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, 27 ನ್ಯೂಟನ್ ಮೀಟರ್, ಅದೂ 4000 ಆರ್‌ಪಿಎಂಗೇ ಸಿಗುತ್ತದೆ. ಸಿಗ್ನಲ್ ಬಿಟ್ಟ ಮೇಲೆ ಎತ್ತಿಕೊಳ್ಳಲಿ, ಫ್ಲೈಓವರ್ ಹತ್ತಲಿ, ಈ ಗಾಡಿ ಓಡುವುದೆಲ್ಲ ಕೆಳಗಿನ ಆರ್‌ಪಿಎಂನಲ್ಲಿ. ಒಳಗೆ ಖಾಲಿ ಇರುವ ಪೈಪು ಹಾಕಿದಾಗ ಮೊದಲು ಏಟು ಬೀಳುವುದು ಅಲ್ಲಿಗೇ. ಆದರೂ ಓಡಿಸುವವನಿಗೆ ಗಾಡಿ ಹಾರಿದ ಹಾಗೆ ಅನಿಸುತ್ತದೆ, ಯಾಕೆಂದರೆ ಕಿವಿ ಹಾಗೆ ಹೇಳುತ್ತಿರುತ್ತದೆ. ಅನುಮಾನ ಇರುವವರಿಗೆ ನಾನು ಹೇಳುವುದು ಒಂದೇ. ಬೆಳಗ್ಗೆ ಖಾಲಿ ರಸ್ತೆಯಲ್ಲಿ, ಟಾಪ್ ಗೇರಿನಲ್ಲಿ 40ರಿಂದ 70ಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹಿಂದೆ ಕೂತವರ ಕೈಲಿ ಸ್ಟಾಪ್‌ವಾಚ್ ಕೊಟ್ಟು ನೋಡಿ. ಹಳೇ ಸೈಲೆನ್ಸರಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ. ರಸ್ತೆ ಅದೇ ಇರಲಿ, ಹಿಂದೆ ಕೂರುವವರೂ ಅವರೇ ಇರಲಿ.

ಇನ್ನು ಮಿಕ್ಸ್ಚರ್, ಅಂದರೆ ಗಾಳಿ ಪೆಟ್ರೋಲ್ ಬೆರಕೆಯ ವಿಷಯ, ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲೇ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಪೈಪು ಬದಲಾಯಿಸಿ, ಮೇಲೆ ಏರ್ ಫಿಲ್ಟರನ್ನೂ ಬದಲಾಯಿಸಿ, ಪೆಟ್ರೋಲ್ ಬಿಡುವ ಜೆಟ್ ಮಾತ್ರ ಹಳೇದೇ ಬಿಟ್ಟರೆ ಗಾಳಿ ಜಾಸ್ತಿ ಹೋಗಿ ಪೆಟ್ರೋಲ್ ಸಾಲುವುದಿಲ್ಲ. ಪ್ಲಗ್ ಬಿಚ್ಚಿ ನೋಡಿ. ಸರಿಯಾಗಿದ್ದರೆ ತುದಿ ತಿಳಿ ಕಂದು ಬಣ್ಣ, ಲೀನ್ ಆಗಿದ್ದರೆ, ಅಂದರೆ ಪೆಟ್ರೋಲ್ ಸಾಲದಿದ್ದರೆ, ಸುಣ್ಣ ಬಳಿದಷ್ಟು ಬಿಳಿ. ಬೆಂಡ್ ಪೈಪು ಇಂಜಿನ್ ಹೆಡ್ ಹತ್ತಿರ ಬೇಗ ನೀಲಿಗಟ್ಟುವುದೂ ಉಂಟು. ಹಾಗೇ ಹೈವೇಯಲ್ಲಿ ಎಳೆದರೆ ಪಿಸ್ಟನ್‌ಗೇ ಕುತ್ತು.

ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯಲ್ಲಿ ಇದೆಲ್ಲ ತಾನಾಗೇ ಸರಿ ಹೋಗುತ್ತದೆ ಅನ್ನುವವರಿದ್ದಾರೆ. ಅರ್ಧ ನಿಜ. ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಅನ್ನುವ ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಹೊಂದಿಸುವುದು ಸಮವಾಗಿ ಓಡುವಾಗ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಅದು ಎಷ್ಟು ಪೆಟ್ರೋಲ್ ಅಂತ ಮೊದಲೇ ಬರೆದಿಟ್ಟ ಮ್ಯಾಪನ್ನು ನಂಬುತ್ತದೆ, ಆ ಮ್ಯಾಪು ಬರೆದಿರುವುದು ಕಂಪನಿ ಸೈಲೆನ್ಸರಿಗೆ. ಜೊತೆಗೆ, ಹೊಸ ಬೆಂಡ್ ಪೈಪು ಕೂರಿಸುವಾಗ ಸಂದಿ ಮುಚ್ಚುವ ಹಳೇ ಗ್ಯಾಸ್ಕೆಟ್ಟನ್ನೇ ಒತ್ತಿ ಬೋಲ್ಟ್ ಬಿಗಿಯುತ್ತಾರೆ. ಸಂದಿಯಲ್ಲಿ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಸೆನ್ಸರ್ ಅದನ್ನು ನೋಡಿ "ಪೆಟ್ರೋಲ್ ಕಡಿಮೆ" ಅಂತ ಹೇಳುತ್ತದೆ, ಇಸಿಯು ಸುಮ್ನೆ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಈ ಜಾಯಿಂಟಿಗೇ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಉರಿಯದೆ ಬಂದ ಪೆಟ್ರೋಲ್ ಬಿಸಿ ಪೈಪಿನಲ್ಲಿ ಗಾಳಿ ಸಿಕ್ಕ ಕೂಡಲೇ ಹೊತ್ತಿಕೊಳ್ಳುತ್ತದೆ. ಅದನ್ನು ಇಷ್ಟಪಟ್ಟು ಮಾಡಿಸಿಕೊಳ್ಳುವವರನ್ನು ಕಂಡರೆ ಬೇಜಾರಾಗುತ್ತದೆ.

ಟೂ ಸ್ಟ್ರೋಕ್ ಕಥೆ ಬೇರೆ. ಅಲ್ಲಿ ಸೈಲೆನ್ಸರ್ ಇಂಜಿನ್ನಿನದೇ ಒಂದು ಭಾಗ. ಯಮಹಾ ಆರ್‌ಎಕ್ಸ್ 100ರಲ್ಲಿ ಎಕ್ಸಾಸ್ಟ್ ವಾಲ್ವ್ ಇಲ್ಲ, ಸಿಲಿಂಡರ್ ಗೋಡೆಯಲ್ಲಿ ಪೋರ್ಟ್ ಮಾತ್ರ. ಅದು ತೆರೆದಿರುವಾಗ ಹೊಸ ಪೆಟ್ರೋಲೂ ಪೈಪಿಗೆ ಜಾರಿಕೊಳ್ಳುತ್ತದೆ, ಅದನ್ನು ತಿರುಗಿ ಒಳಗೆ ತಳ್ಳುವುದು ಸೈಲೆನ್ಸರಿನಿಂದ ವಾಪಸ್ ಬರುವ ಅಲೆ. 98 ಸಿಸಿಯಿಂದ 11 ಹಾರ್ಸ್ ಪವರ್ ಸಿಕ್ಕಿದ್ದರಲ್ಲಿ ಅದರ ಪಾಲೂ ಇದೆ. ಒಳಗಿನದನ್ನು ಕತ್ತರಿಸಿ ಬಿಸಾಕಿದರೆ ಆ ಲೆಕ್ಕವೇ ತಪ್ಪುತ್ತದೆ. ನಮ್ಮ ಮೈಸೂರಿನ ಹಳೇ ಯೆಜ್ಡಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇಟ್ಟುಕೊಂಡ ಗಾಡಿ. ಅದಕ್ಕೆ ಸಿಗುವ ಡೂಪ್ಲಿಕೇಟ್‌ಗಳಲ್ಲಿ ಎಷ್ಟೋ ಹೊರಗೆ ಥೇಟ್ ಅದೇ ಥರ, ಒಳಗಿನ ಅಳತೆ ಮಾತ್ರ ಬೇರೆ. ಒರಿಜಿನಲ್ ಇದ್ದರೆ ಕಾರ್ಬನ್ ಬಿಡಿಸಿ ಅದನ್ನೇ ಹಾಕಿ. ಕಾರ್ಬನ್ ಕಟ್ಟಿದ ಟೂ ಸ್ಟ್ರೋಕಿಗೆ ಅಷ್ಟರಿಂದಲೇ ಜೀವ ಬರುತ್ತದೆ.

ಕಾನೂನನ್ನೂ ಹೇಳಿಬಿಡುತ್ತೇನೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಶಬ್ದ, ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ 190(2)ರಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು, ಲೈಸೆನ್ಸ್ ಮೂರು ತಿಂಗಳು ಅಮಾನತು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದುಕೊಡಿ ಅಂತ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿಯನ್ನು ತಡೆಯುವುದು ಅದೇ. ಮನೆ ಮುಂದೆ ಗಾಡಿ ಆನ್ ಮಾಡಿ ನಿಲ್ಲಿಸಿದಾಗ ಆ ಹೊಗೆ ಕುಡಿಯುವುದು ನಿಮ್ಮ ಮನೆಯವರೇ.

ನಿಜವಾಗಿ ಪಿಕಪ್ ಬೇಕಾದರೆ ವಾಲ್ವ್ ಕ್ಲಿಯರೆನ್ಸ್, ಕ್ಲಚ್, ಚೈನ್ ಸ್ಪ್ರಾಕೆಟ್, ಏರ್ ಫಿಲ್ಟರ್, ಟೈರ್ ಗಾಳಿ ನೋಡಿಸಿ. ಪೈಪು ಕೊಳ್ಳುವ ದುಡ್ಡಿನಲ್ಲಿ ಇದೆಲ್ಲ ಮುಗಿಸಿ ಇನ್ನೂ ಉಳಿಯುತ್ತದೆ. ಟ್ರ್ಯಾಕ್‌ನಲ್ಲಿ ಓಡಿಸುವವರ ಮಾತು ಬೇರೆ. ಅವರು ಪೈಪಿನ ಜೊತೆ ಮ್ಯಾಪೂ ಬದಲಾಯಿಸುತ್ತಾರೆ, ಡೈನೋ ಯಂತ್ರದ ಮೇಲೆ ಪವರ್ ಅಳೆಯುತ್ತಾರೆ, ಕೆಲವು ಕಿಲೋ ತೂಕವೂ ಇಳಿಯುತ್ತದೆ.

ಈಗಾಗಲೇ ಬದಲಾಯಿಸಿದ್ದರೆ ಕಂಪನಿ ಸೈಲೆನ್ಸರನ್ನು ಮಾತ್ರ ಗುಜರಿಗೆ ಹಾಕಬೇಡಿ. ಎಷ್ಟೋ ಗಾಡಿಗಳಲ್ಲಿ ಕನ್ವರ್ಟರ್ ಇರುವುದು ಅದರ ಹೊಟ್ಟೆಯಲ್ಲೇ, ಅದರೊಳಗೆ ಪ್ಲಾಟಿನಂ ಜಾತಿಯ ಲೋಹ ಇರುತ್ತದೆ, ಹೊಸದು ತಗೊಳ್ಳಲು ಹೋದರೆ ಬೆಲೆ ಕೇಳಿ ತಲೆ ಸುತ್ತುತ್ತದೆ. ವಾಪಸ್ ಹಾಕಿಸುವಾಗ ಎಕ್ಸಾಸ್ಟ್ ಗ್ಯಾಸ್ಕೆಟ್ ಹೊಸದೇ ಇರಲಿ, ಎದುರಿಗೇ ನಿಂತು ಹಾಕಿಸಿ.