ಶಿಯಾತ್ಸು ನೋಯುತ್ತದೆಯೇ?

ಪ್ರಶ್ನೆ: ಕಂಪ್ಯೂಟರ್ ಮುಂದೆ ಕೂತು ಕೂತು ಕುತ್ತಿಗೆ, ಭುಜ ಕಲ್ಲಿನಂತಾಗಿವೆ. ಜಪಾನಿಗೆ ಹೋದಾಗ ಶಿಯಾತ್ಸು ಮಾಡಿಸಿಕೊಂಡು ಬಾ ಎಂದು ಗೆಳತಿ ಹೇಳುತ್ತಾಳೆ. ಹೆಬ್ಬೆರಳಿನಿಂದ ಬಲವಾಗಿ ಒತ್ತುತ್ತಾರಂತೆ. ತುಂಬ ನೋಯುತ್ತದೆಯೇ?

ನೋಯುತ್ತದೆ. ಆದರೆ ನೀವು ಹೆದರಿರುವ ನೋವು ಅದಲ್ಲ. ಜಪಾನಿಯರಲ್ಲಿ ಇದಕ್ಕೆಂದೇ ಒಂದು ಪದವಿದೆ: ಇತಾಕಿಮೋಚೀ. ನೋವು ಮತ್ತು ಹಿತ ಎರಡನ್ನೂ ಒಟ್ಟಿಗೆ ಹೇಳುವ ಪದ. ಗದ್ದೆಯಿಂದ ಬಂದ ಅಜ್ಜಿ ಮೊಮ್ಮಗನನ್ನು ಕಾಲಿನ ಮೇಲೆ ನಿಲ್ಲಿಸಿಕೊಂಡು ‘ಹಾ, ಅಲ್ಲೇ, ಇನ್ನೂ ಸ್ವಲ್ಪ ಕೆಳಗೆ’ ಎನ್ನುತ್ತಾಳಲ್ಲ, ಆ ನೋವು. ಅದರ ಗುರುತು ನಿಮ್ಮ ಉಸಿರಿನಲ್ಲೇ ಇದೆ: ಒತ್ತಿದಾಗ ಉಸಿರು ತಾನಾಗಿ ಹೊರಬಿದ್ದರೆ ಒತ್ತಡ ಸರಿಯಾಗಿದೆ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿಯಬೇಕಾಗಿ ಬಂದರೆ ಹೆಚ್ಚಾಗಿದೆ.

‘ಶಿ’ ಎಂದರೆ ಬೆರಳು, ‘ಅತ್ಸು’ ಎಂದರೆ ಒತ್ತಡ. ಮಸಾಜ್ ಎಂದೊಡನೆ ನಮಗೆ ಎಣ್ಣೆ ನೆನಪಾಗುತ್ತದೆ. ಇಲ್ಲಿ ಎಣ್ಣೆಯಿಲ್ಲ, ಬಟ್ಟೆ ಬಿಚ್ಚುವುದೂ ಇಲ್ಲ. ಸಡಿಲವಾದ ಹತ್ತಿಯ ಉಡುಪಿನಲ್ಲಿ ನೆಲದ ಹಾಸಿಗೆಯ ಮೇಲೋ ಮಂಚದ ಮೇಲೋ ಮಲಗುತ್ತೀರಿ. ಚಿಕಿತ್ಸಕರು ತೋಳಿನ ಬಲದಿಂದ ತಿಕ್ಕುವುದಿಲ್ಲ. ಹೆಬ್ಬೆರಳನ್ನು ನೇರವಾಗಿ ಊರಿ, ತಮ್ಮ ಮೈಭಾರವನ್ನು ನಿಧಾನವಾಗಿ ಅದರ ಮೇಲೆ ಬಿಟ್ಟು, ಕೆಲವು ಸೆಕೆಂಡು ನಿಂತು, ಅಷ್ಟೇ ನಿಧಾನವಾಗಿ ಹಿಂದೆಗೆಯುತ್ತಾರೆ. ಆಮೇಲೆ ಪಕ್ಕದ ಬಿಂದು. ಈ ನಿಧಾನವೇ ಶಿಯಾತ್ಸುವಿನ ಜೀವಾಳ. ಒಮ್ಮೆಗೇ ಚುಚ್ಚಿದರೆ ಸ್ನಾಯು ಹೆದರಿ ಇನ್ನಷ್ಟು ಬಿಗಿಯುತ್ತದೆ, ಕಾದರೆ ಸಡಿಲಗೊಳ್ಳುತ್ತದೆ. ಕೆಲವರು ಹೊಟ್ಟೆಯನ್ನೂ ಮೆಲ್ಲನೆ ಮುಟ್ಟಿ ನೋಡುತ್ತಾರೆ, ಗಾಬರಿಯಾಗಬೇಡಿ. ‘ಹಾರಾ’ ಎಂದು ಕರೆಯುವ ಹೊಟ್ಟೆಯ ಭಾಗವನ್ನು ಅವರು ದೇಹದ ಕೇಂದ್ರವೆಂದು ನಂಬುತ್ತಾರೆ.

ಶಿಯಾತ್ಸು 20ನೆಯ ಶತಮಾನದಲ್ಲಿ ರೂಪುಗೊಂಡದ್ದು. ತೊಕುಜಿರೊ ನಮಿಕೋಶಿ 1940ರಲ್ಲಿ ಟೋಕಿಯೊದಲ್ಲಿ ಇದಕ್ಕೆ ಶಾಲೆ ತೆರೆದರು. ಬಾಲ್ಯದಲ್ಲಿ ತಾಯಿಯ ಕೀಲುನೋವಿಗೆ ಪುಟ್ಟ ಕೈಗಳಿಂದ ಒತ್ತುತ್ತಲೇ ಅವರು ಈ ವಿದ್ಯೆ ಕಂಡುಕೊಂಡರೆಂದು ಹೇಳುತ್ತಾರೆ. ಅವರ ಪರಂಪರೆ ಸ್ನಾಯು, ನರಗಳ ಭಾಷೆಯಲ್ಲಿ ಮಾತನಾಡುತ್ತದೆ. ಶಿಯಾತ್ಸುವಿನ ಇನ್ನೊಂದು ಪರಂಪರೆ ಕಟ್ಟಿದ ಶಿಜುತೊ ಮಸುನಾಗ ಅವರದು ‘ಕಿ’ ಎಂಬ ಪ್ರಾಣಶಕ್ತಿ ಮತ್ತು ಅದು ಹರಿಯುವ ನಾಡಿಗಳ ಭಾಷೆ. ಆ ನಾಡಿಗಳನ್ನು ಅಂಗರಚನಾಶಾಸ್ತ್ರ ತೋರಿಸಿಕೊಟ್ಟಿಲ್ಲ. ಹಾಗೆಂದು ಬಿಗಿದ ಭುಜ ಸಡಿಲಾದ ನೆಮ್ಮದಿ ಸುಳ್ಳಾಗುವುದಿಲ್ಲ. ಆದರೆ ಶಿಯಾತ್ಸು ರೋಗಗಳನ್ನೇ ವಾಸಿಮಾಡುತ್ತದೆ ಎನ್ನುವವರಿಂದ ದೂರವಿರಿ.

ಇದಕ್ಕಿಂತ ಹಳೆಯದು ಅಮ್ಮಾ, ಅಂದರೆ ಒತ್ತಿ ನಾದುವ ವಿದ್ಯೆ. ಚೀನಾದಿಂದ ಬಂದ ಅದನ್ನು ಜಪಾನಿನಲ್ಲಿ ಶತಮಾನಗಳ ಕಾಲ ಕಾಪಾಡಿದವರಲ್ಲಿ ಅಂಧರ ಪಾಲು ಬಹಳ ದೊಡ್ಡದು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಸುಗಿಯಾಮ ವಾಇಚಿ 17ನೆಯ ಶತಮಾನದಲ್ಲಿ ಅಂಧರಿಗೆ ಸೂಜಿಚಿಕಿತ್ಸೆ ಮತ್ತು ಅಮ್ಮಾ ಕಲಿಸುವ ಶಾಲೆ ನಡೆಸಿದರು. ಎದೊ ಕಾಲದ (17ರಿಂದ 19ನೆಯ ಶತಮಾನದವರೆಗಿನ) ಬೀದಿಗಳಲ್ಲಿ ರಾತ್ರಿ ಸಣ್ಣ ಕೊಳಲು ಊದುತ್ತ ಅಂಧ ಅಮ್ಮಾ ಕಸುಬಿನವರು ಸಾಗುತ್ತಿದ್ದರು. ದಣಿದವರು ಆ ದನಿ ಕೇಳಿ ಕರೆಯುತ್ತಿದ್ದರು. ಇಂದಿಗೂ ಅಂಧರ ಶಾಲೆಗಳಲ್ಲಿ ಈ ತರಬೇತಿ ಇದೆ. ಕಣ್ಣಿಗೆ ಕಾಣದ ಗಂಟನ್ನು ಬೆರಳ ತುದಿಯಲ್ಲಿ ಓದುವ ಅವರ ಜಾಣ್ಮೆಯ ಬಗ್ಗೆ ನನಗೆ ಅಪಾರ ಗೌರವ. ಅಂಥ ಚಿಕಿತ್ಸಕರು ಸಿಕ್ಕರೆ ಹಿಂಜರಿಯಬೇಡಿ.

ಎಲ್ಲಿಗೆ ಹೋಗಬೇಕು? ಜಪಾನಿನಲ್ಲಿ ಅಮ್ಮಾ, ಮಸಾಜ್, ಶಿಯಾತ್ಸು ಮೂರಕ್ಕೂ ಸೇರಿ ಒಂದೇ ರಾಷ್ಟ್ರೀಯ ಪರವಾನಗಿ ಇದೆ. ಕನಿಷ್ಠ ಮೂರು ವರ್ಷ ಓದಿ ಪರೀಕ್ಷೆ ಪಾಸಾಗಬೇಕು. ರೈಲು ನಿಲ್ದಾಣಗಳ ಬಳಿ ‘ರಿಲ್ಯಾಕ್ಸೇಶನ್’ ಎಂಬ ಫಲಕ ಹಾಕಿರುವ ಅನೇಕ ಅಂಗಡಿಗಳಲ್ಲಿ ಆ ಪರವಾನಗಿ ಇರುವುದಿಲ್ಲ. ಕೇಳುವುದಕ್ಕೆ ಸಂಕೋಚ ಬೇಡ.

ಹೋಗುವ ಮುನ್ನ ಹೊಟ್ಟೆ ತುಂಬ ಉಣ್ಣಬೇಡಿ. ಮೂಳೆ ಸವೆತ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಜ್ವರ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ. ತೋಳಿಗೆ ಜೋಮು ಇಳಿಯುವ ಕುತ್ತಿಗೆನೋವಿಗೂ ಮೊದಲು ವೈದ್ಯರೇ ಬೇಕು.

ಚಿಕಿತ್ಸೆಯ ನಡುವೆ ‘ಚಿಕಾರಾ ಕಾಗೆನ್’ ಎಂಬ ಮಾತು ಕಿವಿಗೆ ಬೀಳಬಹುದು. ಒತ್ತಡ ಹದವಾಗಿದೆಯೇ ಎಂದು ಕೇಳುತ್ತಿದ್ದಾರೆ. ನಮ್ಮವರಲ್ಲಿ ಬಹಳ ಮಂದಿ ಮರ್ಯಾದೆಗಾಗಿ ತಲೆಯಾಡಿಸಿ ನೋವು ನುಂಗುತ್ತಾರೆ. ಹಾಗೆ ಮಾಡಬೇಡಿ, ಅತಿಯಾಗಿ ಒತ್ತಿಸಿಕೊಂಡರೆ ಮರುದಿನ ಮೈಯೆಲ್ಲ ನೋಯುತ್ತದೆ. ಅದಕ್ಕೂ ಅಲ್ಲಿ ‘ಮೊಮಿಕಾಎಶಿ’ ಎಂಬ ಹೆಸರಿದೆ. ಕೇಳಿದಾಗ ‘ಮೋ ಸುಕೋಶಿ ಯೊವಾಕು’ ಎನ್ನಿ. ಇನ್ನು ಸ್ವಲ್ಪ ಮೆಲ್ಲಗೆ ಎಂದರ್ಥ.