ಬಗ್ ಸರಿಪಡಿಸಿದ್ದೇವೆ ಎನ್ನುತ್ತಾರೆ, ಹೊಸ ಆವೃತ್ತಿಯಲ್ಲಿ ಅದು ಹಾಗೇ ಇದೆಯಲ್ಲ?

ಪ್ರಶ್ನೆ: ನಾನು ಬಳಸುವ ಮುಕ್ತ ತಂತ್ರಾಂಶವೊಂದರ ಬಗ್ ಅನ್ನು ವರದಿ ಮಾಡಿದ್ದೆ. ಸರಿಪಡಿಸಲಾಗಿದೆ ಎಂದು ಬರೆದು ವರದಿಯನ್ನು ಮುಚ್ಚಿದರು. ಎರಡು ವಾರಗಳ ನಂತರ ಬಂದ ಆವೃತ್ತಿಯಲ್ಲೂ ಅದೇ ತೊಂದರೆ ಇದೆ. ಹೀಗೇಕೆ?

ಉತ್ತರ: ನಿಮ್ಮ ಬಗ್ ಸರಿಯಾಗಿರುವುದೂ ನಿಜ, ನಿಮ್ಮ ಕೈಗೆ ಬಂದ ಆವೃತ್ತಿಯಲ್ಲಿ ಅದು ಉಳಿದಿರುವುದೂ ನಿಜ. ಹೊಸ ಕೆಲಸವೆಲ್ಲ ಮುಖ್ಯ ಬ್ರಾಂಚ್‌ನಲ್ಲಿ ನಡೆಯುತ್ತದೆ (ಪ್ರತ್ಯೇಕವಾಗಿ ಬೆಳೆಯುವ ಕೋಡ್‌ನ ಕವಲಿಗೆ ಬ್ರಾಂಚ್ ಎನ್ನುತ್ತಾರೆ). ಬಿಡುಗಡೆ ಸಮೀಪಿಸಿದಾಗ ಅನೇಕ ಯೋಜನೆಗಳಲ್ಲಿ ಅದರಿಂದ ಇನ್ನೊಂದು ಬ್ರಾಂಚ್ ಕವಲೊಡೆಯುತ್ತದೆ, ಮತ್ತು ಆಮೇಲೆ ಅದಕ್ಕೆ ಆರಿಸಿದ ತಿದ್ದುಪಡಿಗಳಷ್ಟೇ ಸೇರುತ್ತವೆ. ವರದಿಯನ್ನು ಸಾಮಾನ್ಯವಾಗಿ ಮುಚ್ಚುವುದು ಪ್ಯಾಚ್, ಅಂದರೆ ತಿದ್ದುಪಡಿಯ ಕೋಡ್, ಮುಖ್ಯ ಬ್ರಾಂಚ್‌ಗೆ ಸೇರಿದ ದಿನ. ಅದನ್ನು ಬಿಡುಗಡೆಯ ಬ್ರಾಂಚ್‌ಗೆ ಒಯ್ಯುವ ಬ್ಯಾಕ್‌ಪೋರ್ಟ್ ಬೇರೆಯೇ ಕೆಲಸ, ಬೇರೆಯೇ ತೀರ್ಮಾನ. ಇದನ್ನು ವರದಿ ಮಾಡಿದವರಿಗೆ ಒಂದು ಸಾಲಿನಲ್ಲಾದರೂ ತಿಳಿಸದೆ ಮುಚ್ಚುವುದು, ನನ್ನ ಪ್ರಕಾರ, ಯೋಜನೆಗಳದೇ ತಪ್ಪು.

ಸಿದ್ಧವಾಗಿರುವ ಪ್ಯಾಚ್ ಅನ್ನು ಎಲ್ಲ ಬ್ರಾಂಚ್‌ಗಳಿಗೂ ಕೂಡಲೇ ಹಾಕಿಬಿಡಬಾರದೇ ಎಂದು ನೀವು ಕೇಳಬಹುದು. ಪ್ರತಿ ತಿದ್ದುಪಡಿಯೂ ಕೋಡ್‌ನಲ್ಲಿ ಮಾಡುವ ಒಂದು ಬದಲಾವಣೆಯೇ ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಒಂದು ಉದಾಹರಣೆ ಇದೆ. ಫೆಬ್ರವರಿ, ಮೇ, ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳ ಎರಡನೆಯ ಗುರುವಾರ ಬಗ್ ತಿದ್ದುಪಡಿಗಳ ಸಣ್ಣ ಆವೃತ್ತಿಯನ್ನು ಹೊರತರುವುದು ಆ ಯೋಜನೆಯ ವಾಡಿಕೆ. ಅದರಂತೆ 2024ರ ನವೆಂಬರ್ 14ರಂದು 17.1 ಆವೃತ್ತಿ ಬಂತು. ಅದರಲ್ಲಿ ಒಳಗಿನ ಒಂದು ಡೇಟಾ ರಚನೆಗೆ ಹೊಸ ಫೀಲ್ಡ್ ಸೇರಿತ್ತು. ರಚನೆಯ ಗಾತ್ರ ಹಿಗ್ಗಿದ್ದರಿಂದ, ಹಳೆಯ ಗಾತ್ರವನ್ನೇ ನಂಬಿ ಕಂಪೈಲ್ ಆಗಿದ್ದ ಕೆಲವು ಎಕ್ಸ್‌ಟೆನ್ಶನ್‌ಗಳು (ಡೇಟಾಬೇಸ್‌ಗೆ ಜೋಡಿಸುವ ಪೂರಕ ತಂತ್ರಾಂಶಗಳು) ಕೆಡುವಂತಾಯಿತು. ಮುಂದಿನ ಫೆಬ್ರವರಿಯವರೆಗೆ ಕಾಯುವಂತಿರಲಿಲ್ಲ. ಒಂದೇ ವಾರದಲ್ಲಿ, ನವೆಂಬರ್ 21ರಂದು, ವೇಳಾಪಟ್ಟಿಯಲ್ಲಿ ಇಲ್ಲದ 17.2 ಹೊರಬಂತು. ಅನುಭವಿಗಳ ತಂಡವೇ ಹೀಗೆ ಎಡವಬಹುದಾದರೆ, ಮೂರೋ ನಾಲ್ಕೋ ಮೇಂಟೇನರ್‌ಗಳು ಬಿಡುವಿನ ವೇಳೆಯಲ್ಲಿ ನಡೆಸುವ ಯೋಜನೆ ಬ್ಯಾಕ್‌ಪೋರ್ಟ್‌ಗೆ ಹಿಂಜರಿಯುವುದು ಸಹಜ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಈ ಹಿಂಜರಿಕೆಯೇ ನಿಯಮವಾಗಿದೆ. ಹೊಸ ಸೌಲಭ್ಯಗಳನ್ನು ಸೇರಿಸಿಕೊಳ್ಳಲು ಎರಡು ವಾರಗಳ ಅವಧಿ. ಆಮೇಲೆ ವಾರಕ್ಕೊಂದು ರಿಲೀಸ್ ಕ್ಯಾಂಡಿಡೇಟ್ (ಬಿಡುಗಡೆಗೆ ಮುನ್ನ ಪರೀಕ್ಷೆಗೆಂದು ಕೊಡುವ ಆವೃತ್ತಿ) ಬರುತ್ತ, ಸಾಮಾನ್ಯವಾಗಿ ಏಳನೆಯದೋ ಎಂಟನೆಯದೋ ಆದ ಮೇಲೆ, ಒಟ್ಟು ಒಂಬತ್ತು ಹತ್ತು ವಾರಗಳಿಗೆ ಹೊಸ ಆವೃತ್ತಿ ಸಿದ್ಧವಾಗುತ್ತದೆ. ಈಗಾಗಲೇ ಬಿಡುಗಡೆಯಾದ ಸ್ಟೇಬಲ್ ಆವೃತ್ತಿಗೆ ಪ್ಯಾಚ್ ಸೇರಬೇಕಾದರೆ ಅದು ಮೊದಲು ಮುಖ್ಯ ಬ್ರಾಂಚ್‌ನಲ್ಲಿ ಇರಬೇಕು. ಅಕ್ಕಪಕ್ಕದ ಸಾಲುಗಳೂ ಸೇರಿ 100 ಸಾಲುಗಳನ್ನು ಮೀರಬಾರದು ಎಂಬ ಮಿತಿಯೂ ಇದೆ. ಮುಖ್ಯ ಬ್ರಾಂಚ್ ಅನ್ನು ಬಿಟ್ಟು ಹಳೆಯದನ್ನಷ್ಟೇ ಸರಿಪಡಿಸಿದರೆ ಮುಂದಿನ ಆವೃತ್ತಿಗೆ ಹೋದವರಿಗೆ ಅದೇ ಬಗ್ ಮತ್ತೆ ಎದುರಾಗುತ್ತದೆ.

ಇನ್ನು ಬಿಡುಗಡೆಯ ದಿನಾಂಕವನ್ನೇ ಮುಂದೂಡುವ ವಿಚಾರ. ಡೆಬಿಯನ್ ಮತ್ತು ಉಬುಂಟು ಎರಡೂ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂಗಳು. ಡೆಬಿಯನ್ ಯೋಜನೆ ಗಂಭೀರ ಬಗ್‌ಗಳು ತೀರಿ ಸಿದ್ಧವಾದಾಗಲೇ ಬಿಡುಗಡೆ ಮಾಡುತ್ತದೆ. ಉಬುಂಟು ಪ್ರತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ. 2006ರಲ್ಲಿ ಏಪ್ರಿಲ್‌ನ ಬಿಡುಗಡೆಯನ್ನು ಜೂನ್‌ಗೆ ಮುಂದೂಡಿದ್ದರಿಂದಲೇ ಆ ಆವೃತ್ತಿಯ ಸಂಖ್ಯೆ 6.06, ಅಂದರೆ 2006ರ ಆರನೆಯ ತಿಂಗಳು. ನನಗೆ ದಿನಾಂಕ ಗಟ್ಟಿಯಾಗಿರುವ ಪದ್ಧತಿಯೇ ಹೆಚ್ಚು ಹಿಡಿಸುತ್ತದೆ. ಮುಂದಿನ ಬಿಡುಗಡೆ ಯಾವಾಗ ಎಂಬುದು ಖಚಿತವಾಗಿ ಗೊತ್ತಿದ್ದರೆ, ಅರೆಬೆಂದ ಪ್ಯಾಚ್ ಅನ್ನು ಕೊನೆಯ ದಿನ ತುರುಕುವ ಆತುರ ಯಾರಿಗೂ ಇರುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ವರದಿಯಲ್ಲಿ ಪ್ಯಾಚ್ ಯಾವ ಬ್ರಾಂಚ್‌ಗೆ ಸೇರಿದೆ, ತಿದ್ದುಪಡಿ ಯಾವ ಬಿಡುಗಡೆಗೆ ಎಂದು ಗುರುತಿಸುವ ಮೈಲ್‌ಸ್ಟೋನ್ ಯಾವ ಆವೃತ್ತಿಯನ್ನು ತೋರಿಸುತ್ತಿದೆ ಎಂದು ನೋಡಿ. ಬ್ಯಾಕ್‌ಪೋರ್ಟ್ ಬೇಕಿದ್ದರೆ ಸುಮ್ಮನೆ ಕೇಳುವುದಕ್ಕಿಂತ, ಆ ಪ್ಯಾಚ್ ಅನ್ನು ಹಳೆಯ ಆವೃತ್ತಿಯ ಮೇಲೆ ಹಾಕಿ, ಪರೀಕ್ಷಿಸಿ, ಫಲಿತಾಂಶದೊಂದಿಗೆ ಕೇಳಿ. ಮೇಂಟೇನರ್‌ಗಳ ಅರ್ಧ ಕೆಲಸ ಅಲ್ಲಿಗೆ ಮುಗಿದಿರುತ್ತದೆ. ಮುಂದಿನ ಸಲ ರಿಲೀಸ್ ಕ್ಯಾಂಡಿಡೇಟ್ ಬಂದಾಗಲೇ ಅದನ್ನು ಒಮ್ಮೆ ಓಡಿಸಿ ನೋಡಿ. ಆ ವಾರಗಳಲ್ಲಿ ಸಿಕ್ಕ ಬಗ್‌ನ ತಿದ್ದುಪಡಿಗೆ ಅದೇ ಆವೃತ್ತಿಯಲ್ಲಿ ಜಾಗ ಸಿಗುವ ಸಾಧ್ಯತೆ ಇರುತ್ತದೆ. ಬಿಡುಗಡೆಯ ಮರುದಿನ ಸಿಕ್ಕಿದ್ದು ಮುಂದಿನ ಸಣ್ಣ ಆವೃತ್ತಿಗೆ ಕಾಯಬೇಕಾಗುತ್ತದೆ.