ಅಡಿಕೆ ಗೋದಾಮಿನ ಬಾಗಿಲಿಗೆ ಕಾಂತದ ಬೀಗ

ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಗೋದಾಮಿಗೆ ಎಲೆಕ್ಟ್ರಾನಿಕ್ ಬೀಗ ಹಾಕಿಸುವವರು ಸಾಮಾನ್ಯವಾಗಿ ಬೆರಳು ಗುರುತಿನ ಯಂತ್ರ ಯಾವುದು ಒಳ್ಳೆಯದು ಎಂದು ವಿಚಾರಿಸುತ್ತಾರೆ. ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಬೇರೆ: ಕರೆಂಟ್ ಹೋದರೆ ಬಾಗಿಲು ತೆರೆದುಕೊಳ್ಳಬೇಕೋ, ಮುಚ್ಚಿಯೇ ಇರಬೇಕೋ?

ಹೆಚ್ಚು ಬಳಕೆಯಲ್ಲಿರುವುದು ಕಾಂತದ ಬೀಗ. ಚೌಕಟ್ಟಿಗೆ ವಿದ್ಯುತ್ಕಾಂತ, ಬಾಗಿಲಿಗೆ ಕಬ್ಬಿಣದ ಪಟ್ಟಿ. 12 ವೋಲ್ಟ್‌ನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆದು 280 ಕೆ.ಜಿ.ಯಷ್ಟು ಹಿಡಿತ ಕೊಡುವ ಮಾದರಿ ಎಲ್ಲೆಡೆ ಸಿಗುತ್ತದೆ. ಕರೆಂಟ್ ನಿಂತ ಕ್ಷಣ ಹಿಡಿತವೂ ಹೋಯಿತು. ಬೆಂಕಿ ಬಿದ್ದಾಗ ಒಳಗಿದ್ದವರ ಜೀವ ಉಳಿಸುವ ಗುಣವೇ, ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದ ರಾತ್ರಿ ಸರಕನ್ನು ಬಯಲಿಗಿಡುತ್ತದೆ. ಅಂಥ ಹೊತ್ತಿಗೆಂದು ಇಡುವ 7 ಆಂಪಿಯರ್-ಗಂಟೆಯ ಬ್ಯಾಟರಿ ಲೆಕ್ಕದಲ್ಲಿ 14 ಗಂಟೆ ಬರಬೇಕು; ಗುರುತು ಓದುವ ಯಂತ್ರದ ಬಳಕೆಯನ್ನೂ ಬ್ಯಾಟರಿಯ ವಯಸ್ಸನ್ನೂ ಕಳೆದರೆ ಎಂಟು ಗಂಟೆಗಿಂತ ಹೆಚ್ಚು ನಂಬಬಾರದು. ಜನ ಮಲಗದ, ಸರಕು ಮಾತ್ರ ಇರುವ ಕೋಣೆಗೆ ಕರೆಂಟ್ ಇಲ್ಲದಾಗಲೂ ಮುಚ್ಚಿಯೇ ಇರುವ ಬೀಗ ವಾಸಿ. ಆದರೆ ಒಳಗಿನ ಹಿಡಿ ತಿರುಗಿಸಿದರೆ, ಕರೆಂಟ್ ಇರಲಿ ಬಿಡಲಿ, ಅದು ತೆರೆಯಲೇಬೇಕು. ಇದರಲ್ಲಿ ರಾಜಿ ಬೇಡ.

ಕಾಂತದ ಬೀಗವೇ ಬೇಕೆಂದರೆ ಪಟ್ಟಿಯ ಮೇಲೆ ಕಣ್ಣಿಡಿ. ಕಾಂತಕ್ಕೂ ಪಟ್ಟಿಗೂ ನಡುವೆ ಪೋಸ್ಟ್‌ಕಾರ್ಡ್ ದಪ್ಪದ ತುಕ್ಕೋ ಧೂಳೋ ಕೂತರೂ ಹಿಡಿತ ಬಹಳ ಕುಸಿಯುತ್ತದೆ. ಕಾಂತಕ್ಷೇತ್ರ ಕಬ್ಬಿಣದಲ್ಲಿ ಸಲೀಸಾಗಿ ಹರಿದಂತೆ ಗಾಳಿಯಲ್ಲಿ ಹರಿಯದು. ಪಟ್ಟಿಯ ಹಿಂದೆ ರಬ್ಬರ್ ವಾಷರ್ ಇರುವುದು ಪಟ್ಟಿ ತುಸು ಓಲಾಡಿ ಕಾಂತಕ್ಕೆ ಪೂರ್ತಿ ಅಂಟಲಿ ಎಂದು. ಕೆಲಸದವರು ಬೋಲ್ಟನ್ನು ಬಿಗಿಯಾಗಿ ತಿರುಗಿಸಿಬಿಟ್ಟರೆ ಆ ಓಲಾಟ ಸತ್ತಿತು. ಮರದ ಬಾಗಿಲು ಆಷಾಢದಲ್ಲಿ ಉಬ್ಬಿದಾಗ ಪಟ್ಟಿ ಒಂದು ಮೂಲೆಯಲ್ಲಷ್ಟೇ ತಾಗುತ್ತದೆ, ಜೋರಾಗಿ ಎಳೆದವರಿಗೆ ತೆರೆದುಕೊಳ್ಳುತ್ತದೆ.

ವೈರ್ ಸಪೂರವಾದರೂ ಹಿಡಿತಕ್ಕೆ ನಷ್ಟವೇ. 0.5 ಚದರ ಮಿ.ಮೀ. ತಾಮ್ರದ ತಂತಿ 30 ಮೀಟರ್ ದೂರ ಹೋದರೆ, ಹೋಗಿ ಬರುವ ದಾರಿಯಲ್ಲಿ ಒಂದು ವೋಲ್ಟ್‌ಗೂ ಮೇಲೆ ಸೋರಿಹೋಗುತ್ತದೆ. 1.5 ಚದರ ಮಿ.ಮೀ. ಹಾಕಿಸಿ.

ಇನ್ನು ಬೆರಳು. ಹಸಿ ಅಡಿಕೆ ಸುಲಿಯುವವರ ಬೆರಳಿಗೆ ಚೊಗರು ಹತ್ತಿ ಚರ್ಮ ಒರಟಾಗಿ ರೇಖೆ ಮಾಸಿರುತ್ತದೆ. ಒದ್ದೆ ಬೆರಳಾದರೆ ರೇಖೆಗಳ ನಡುವೆ ನೀರು ತುಂಬಿ ಯಂತ್ರಕ್ಕೆ ಗುರುತೇ ಸಿಗದು. ಇಂಥವರಿಗೆ ಕಾರ್ಡ್ ಕೊಡುವುದೇ ಸರಿ. ಅಗ್ಗದ 125 ಕಿಲೋಹರ್ಟ್ಸ್ ಕಾರ್ಡ್ ಸುಲಭವಾಗಿ ನಕಲಾಗುತ್ತದೆ. ಗೂಢಲಿಪಿ ಇರುವ 13.56 ಮೆಗಾಹರ್ಟ್ಸ್ ಕಾರ್ಡನ್ನೇ ಕೇಳಿ. ಬೀಗಕ್ಕೆ ಆದೇಶ ಕೊಡುವ ರಿಲೇ, ಅಂದರೆ ಅದರ ಕರೆಂಟ್ ಹರಿಸಿ ತಡೆಯುವ ಸ್ವಿಚ್, ಮಾತ್ರ ಹೊರಗಿನವರ ಕೈಗೆ ಸಿಗುವ ಯಂತ್ರದೊಳಗೆ ಇರಕೂಡದು, ಗೋಡೆಯ ಒಳಬದಿಯ ಪೆಟ್ಟಿಗೆಯಲ್ಲಿರಬೇಕು. ಪ್ರತಿ ಮೇ ತಿಂಗಳಲ್ಲಿ ಮೇನ್ ಸ್ವಿಚ್ ಆರಿಸಿ, ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ಗಡಿಯಾರ ಹಿಡಿದು ನೋಡಿ.